ಕತ್ತರಿಸುವುದನ್ನು ಕಡಿಮೆ ಮಾಡಿದ ಶಸ್ತ್ರವೈದ್ಯ: ಡಾ. ಬರ್ನಾರ್ಡ್ ಫಿಶರ್

ಹೆಸರಾಂತ ಶಸ್ತ್ರವೈದ್ಯರ ಜೀವನ ಚರಿತ್ರೆಗಳನ್ನು ನೀವು ಓದಿದ್ದರೆ ಅವುಗಳಲ್ಲಿ ಒಂದು ಬಗೆಯ ಸನ್ನಿವೇಶ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದುವರೆಗೆ ಯಾರೂ ಯಶಸ್ವಿಯಾಗಿ ಮಾಡಿರದ ಒಂದು ಶಸ್ತ್ರಚಿಕಿತ್ಸೆಯನ್ನು ನಮ್ಮ ಕಥಾನಾಯಕರು ಮಾಡಿ ತೋರಿಸುತ್ತಾರೆ. 1881ರಲ್ಲಿ ವಿಯೆನ್ನಾದ ಥಿಯೊಡರ್ ಬಿಲ್ರೋತ್ ಕ್ಯಾನ್ಸರ್ ತಗುಲಿದ ಜಠರದ ಭಾಗವನ್ನು ತೆಗೆದು ಉಳಿದದ್ದನ್ನು ಕರುಳಿಗೆ ಜೋಡಿಸಿದರು. 1967ರಲ್ಲಿ ಕೇಪ್‌ಟೌನಿನ ಕ್ರಿಸ್ಟಿಯಾನ್ ಬರ್ನಾರ್ಡ್ ಒಬ್ಬರ ಹೃದಯವನ್ನು ಇನ್ನೊಬ್ಬರಿಗೆ ಕಸಿ ಮಾಡಿದರು. ಇಂಥ ಘಟನೆಗಳು ಕಣ್ಣಿಗೆ ಕಟ್ಟುತ್ತವೆ. ನಮ್ಮಂಥ ದೂರದರ್ಶನದವರಿಗಂತೂ ಇವು ಬಹಳ ಪ್ರಿಯ: ದೀಪದ ಬೆಳಕು, ಮುಖಕ್ಕೆ ಕಟ್ಟಿದ ಬಟ್ಟೆ, ಕೈಗೆ ಕೈ ಬದಲಾಗುವ ಉಪಕರಣಗಳು.

ಈ ಪುಟಗಳಲ್ಲಿ ನಿಮಗೆ ಪರಿಚಯಿಸುತ್ತಿರುವ ಡಾ. ಬರ್ನಾರ್ಡ್ ಫಿಶರ್ ಅವರ ಕಥೆಯಲ್ಲಿ ಅಂಥ ದೃಶ್ಯ ಯಾವುದೂ ಇಲ್ಲ. ಅವರು ಪ್ರಸಿದ್ಧರಾದದ್ದು ಒಂದು ಶಸ್ತ್ರಚಿಕಿತ್ಸೆಯನ್ನು ಕಂಡುಹಿಡಿದದ್ದಕ್ಕಲ್ಲ. ಸುಮಾರು ಎಂಬತ್ತು ವರ್ಷ ಜಗತ್ತಿನಾದ್ಯಂತ ನಡೆದುಬಂದ ಒಂದು ಶಸ್ತ್ರಚಿಕಿತ್ಸೆಯನ್ನು ಕೈಬಿಡುವಂತೆ ಮಾಡಿದ್ದಕ್ಕೆ. ಅದಕ್ಕಾಗಿ ಅವರು ಬಳಸಿದ್ದು ಕತ್ತಿಯನ್ನಲ್ಲ, ಎಣಿಕೆಯನ್ನು. ಅಂಕಿಗಳ ಪಟ್ಟಿಯನ್ನು ಚಿತ್ರೀಕರಿಸುವುದು ಕಷ್ಟ. ಅದಕ್ಕೇ ಇರಬೇಕು, ನಮ್ಮ ವಿದ್ಯಾರ್ಥಿಗಳಲ್ಲಿ ಅವರ ಹೆಸರು ಕೇಳಿದವರು ಕಡಿಮೆ.

ಫಿಶರ್ ಅವರನ್ನು ತಿಳಿಯಬೇಕಾದರೆ ಮೊದಲು ಹಾಲ್ಸ್ಟೆಡ್ ಅವರನ್ನು ತಿಳಿಯಬೇಕು. ವಿಲಿಯಂ ಸ್ಟೂವರ್ಟ್ ಹಾಲ್ಸ್ಟೆಡ್ ಹುಟ್ಟಿದ್ದು 1852ರಲ್ಲಿ, ನ್ಯೂಯಾರ್ಕಿನಲ್ಲಿ. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ 1889ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ತೆರೆದಾಗ ಅಲ್ಲಿನ ಶಸ್ತ್ರಚಿಕಿತ್ಸಾ ವಿಭಾಗ ರೂಪುಗೊಂಡದ್ದು ಅವರ ಕೈಯಲ್ಲಿ. ಶಸ್ತ್ರವೈದ್ಯರು ಇಂದು ತೊಡುವ ರಬ್ಬರ್ ಕೈಗವಸು ಬಳಕೆಗೆ ಬಂದದ್ದೂ ಅವರಿಂದಲೇ. ಅವರ ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ ದಾದಿಯಾಗಿದ್ದ ಕ್ಯಾರೊಲಿನ್ ಹ್ಯಾಂಪ್ಟನ್ ಅವರ ಕೈಗಳು ಕ್ರಿಮಿನಾಶಕ ದ್ರಾವಣದಿಂದ ಹುಣ್ಣಾಗುತ್ತಿದ್ದುವು. ಹಾಲ್ಸ್ಟೆಡ್ ಗುಡ್‌ಇಯರ್ ರಬ್ಬರ್ ಕಂಪನಿಯವರಿಗೆ ಹೇಳಿ ತೆಳುವಾದ ಕೈಗವಸುಗಳನ್ನು ಮಾಡಿಸಿಕೊಟ್ಟರು. 1890ರಲ್ಲಿ ಆ ದಾದಿಯನ್ನೇ ಮದುವೆಯಾದರು. ಕೊಕೇನ್‌ನ ಅರಿವಳಿಕೆ ಗುಣವನ್ನು ತಮ್ಮ ಮೇಲೆಯೇ ಪರೀಕ್ಷಿಸಿಕೊಳ್ಳುತ್ತ ಅದರ ಚಟಕ್ಕೆ ಬಿದ್ದರು. ಅದರಿಂದ ಬಿಡಿಸಿಕೊಳ್ಳಲು ಹೋಗಿ ಮಾರ್ಫೀನ್‌ಗೆ ಅಂಟಿಕೊಂಡರು. ಇಷ್ಟಾಗಿಯೂ ಅವರ ಕೈ ನಿಧಾನ, ನಾಜೂಕು, ಶುದ್ಧ. ಅವರ ಶಿಷ್ಯರು ಅಮೆರಿಕದ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ಮುಖ್ಯಸ್ಥರಾದರು. ಗುರುವಿನ ಮಾತು ಆ ದಾರಿಯಲ್ಲಿ ದೇಶವನ್ನೆಲ್ಲ ಹಬ್ಬಿತು.

ಸ್ತನದ ಕ್ಯಾನ್ಸರ್ ಬಗ್ಗೆ ಹಾಲ್ಸ್ಟೆಡ್ ಅವರ ತರ್ಕ ಹೀಗಿತ್ತು. ಗಡ್ಡೆ ಒಂದು ಜಾಗದಲ್ಲಿ ಹುಟ್ಟುತ್ತದೆ. ಅಲ್ಲಿಂದ ನೀರಿಗೆ ಬಿದ್ದ ಕಲ್ಲಿನ ಅಲೆಗಳಂತೆ ಸುತ್ತಲೂ ಹರಡುತ್ತದೆ. ಮೊದಲು ಪಕ್ಕದ ಅಂಗಾಂಶ, ಆಮೇಲೆ ಕಂಕುಳಿನ ದುಗ್ಧಗ್ರಂಥಿಗಳು, ಅದಾದ ಮೇಲೆಯೇ ದೂರದ ಅಂಗಗಳು. ದುಗ್ಧಗ್ರಂಥಿಗಳು ಒಂದು ರೀತಿಯ ತಡೆಗೋಡೆ. ಅದು ಮುರಿಯುವವರೆಗೆ ರೋಗ ದಾಟುವುದಿಲ್ಲ. ಹೀಗಿದ್ದ ಮೇಲೆ ರೋಗ ಮುಟ್ಟಿರಬಹುದಾದ ಕೊನೆಯ ಅಂಚನ್ನೂ ಸೇರಿಸಿ ಒಂದೇ ತುಂಡಾಗಿ ತೆಗೆದರೆ ರೋಗಿ ಉಳಿಯಬೇಕು. ಆದ್ದರಿಂದ ಅವರು ಸ್ತನವನ್ನು ಮಾತ್ರವಲ್ಲದೆ ಅದರ ಕೆಳಗಿನ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆದುಹಾಕುತ್ತಿದ್ದರು. ಇದಕ್ಕೆ ‘ರಾಡಿಕಲ್ ಮ್ಯಾಸ್ಟೆಕ್ಟಮಿ’ ಎಂದು ಹೆಸರು. ಬೇರುಸಹಿತ ಕಿತ್ತುಹಾಕುವುದು ಎಂದು ಇಟ್ಟುಕೊಳ್ಳಿ.

1894ರಲ್ಲಿ ಅವರು 50 ರೋಗಿಗಳ ವಿವರ ಪ್ರಕಟಿಸಿದರು. ಶಸ್ತ್ರಚಿಕಿತ್ಸೆ ನಡೆದ ಜಾಗದಲ್ಲೇ ರೋಗ ಮರಳಿದ್ದು 3 ಮಂದಿಯಲ್ಲಿ ಮಾತ್ರ. ಅಂದಿನ ಯುರೋಪಿನ ಹೆಸರಾಂತ ಆಸ್ಪತ್ರೆಗಳಲ್ಲಿ ಅರ್ಧಕ್ಕೂ ಹೆಚ್ಚು ರೋಗಿಗಳಿಗೆ ರೋಗ ಮರಳುತ್ತಿತ್ತು. ವ್ಯತ್ಯಾಸ ದೊಡ್ಡದು, ಜಗತ್ತು ಬೆರಗಾಯಿತು.

ಇಲ್ಲಿ ಸ್ವಲ್ಪ ನಿಲ್ಲಿ. ಆ ಅಂಕಿ ಯಾವ ಪ್ರಶ್ನೆಗೆ ಉತ್ತರ? ಕತ್ತರಿಸಿದ ಜಾಗದಲ್ಲಿ ರೋಗ ಮರಳುತ್ತದೆಯೇ ಎಂಬ ಪ್ರಶ್ನೆಗೆ. ರೋಗಿ ಎಷ್ಟು ಕಾಲ ಬದುಕುತ್ತಾಳೆ ಎಂಬ ಪ್ರಶ್ನೆಗಲ್ಲ. ಎರಡೂ ಒಂದೇ ಎಂದು ನಮಗೆ ತೋರುತ್ತದೆ, ಆದರೆ ಒಂದಲ್ಲ. ಎದೆಯ ಮೇಲೆ ಏನೂ ಕಾಣದಿದ್ದರೂ ಮೂಳೆಯಲ್ಲಿ, ಯಕೃತ್ತಿನಲ್ಲಿ, ಶ್ವಾಸಕೋಶದಲ್ಲಿ ಅದೇ ಕ್ಯಾನ್ಸರ್ ತಲೆಯೆತ್ತಿ ರೋಗಿ ಸಾಯಬಹುದು. ಹಾಗೆ ಸತ್ತವರು ಬಹಳ ಮಂದಿ. ಅಂಥವರನ್ನು ಕಂಡಾಗ ಶಸ್ತ್ರವೈದ್ಯರು ಮಾಡಿದ ತೀರ್ಮಾನವೇ ಬೇರೆ: ನಾವು ಕತ್ತರಿಸಿದ್ದು ಸಾಲದು. ಮುಂದಿನ ತಲೆಮಾರಿನ ಕೆಲವರು ಕೊರಳಿನ ಬುಡದ ಗ್ರಂಥಿಗಳನ್ನೂ, ಪಕ್ಕೆಲುಬಿನ ತುಂಡುಗಳನ್ನೂ ತೆಗೆಯಲು ಹೊರಟರು.

ಬದುಕಿ ಉಳಿದವರ ಪಾಡೇನು? ಎದೆಯ ಒಂದು ಪಕ್ಕ ಗುಳಿ ಬಿದ್ದು ಪಕ್ಕೆಲುಬುಗಳು ಚರ್ಮದ ಕೆಳಗೇ ಕಾಣುತ್ತಿದ್ದುವು. ದುಗ್ಧರಸ ಹರಿದುಹೋಗುವ ದಾರಿ ಮುಚ್ಚಿದ್ದರಿಂದ ಕೈ ಊದಿಕೊಳ್ಳುತ್ತಿತ್ತು, ಹಲವರಿಗೆ ಜೀವನಪರ್ಯಂತ. ತೋಳನ್ನು ಮೇಲೆತ್ತಿ ತಲೆ ಬಾಚಿಕೊಳ್ಳುವುದೂ ಕಷ್ಟ. ಜೀವ ಉಳಿಯುವುದಾದರೆ ಇದನ್ನೆಲ್ಲ ಸಹಿಸಿಕೊಳ್ಳಬಹುದು. ಆದರೆ ಜೀವ ಉಳಿಯುತ್ತಿದ್ದುದು ಇದರಿಂದಲೇ ಎಂಬುದಕ್ಕೆ ಆಧಾರ? ಲಂಡನ್ನಿನ ಜೆಫ್ರಿ ಕೇನ್ಸ್ ಎಂಬ ಶಸ್ತ್ರವೈದ್ಯರು (ಅರ್ಥಶಾಸ್ತ್ರ ಓದುವವರಿಗೆ ಗೊತ್ತಿರುವ ಕೇನ್ಸ್ ಅವರ ತಮ್ಮ) 1920ರ ದಶಕದಲ್ಲೇ ಗಡ್ಡೆಯ ಜಾಗಕ್ಕೆ ರೇಡಿಯಂ ಸೂಜಿಗಳನ್ನಿಟ್ಟು ಸಣ್ಣ ಶಸ್ತ್ರಚಿಕಿತ್ಸೆಯಲ್ಲೇ ಒಳ್ಳೆಯ ಫಲ ಕಂಡಿದ್ದರು. ಕ್ಲೀವ್‌ಲ್ಯಾಂಡಿನ ಜಾರ್ಜ್ ಕ್ರೈಲ್ 1950ರ ದಶಕದಲ್ಲಿ ಹಾಲ್ಸ್ಟೆಡ್ ವಿಧಾನವನ್ನೇ ಕೈಬಿಟ್ಟರು. ಅವರ ಮಾತನ್ನು ಉಳಿದವರು ಕೇಳಲಿಲ್ಲ. ಕೇಳದಿದ್ದುದಕ್ಕೆ ಒಂದು ನ್ಯಾಯವಾದ ಕಾರಣವೂ ಇತ್ತು. ಅದನ್ನು ಮುಂದೆ ನೋಡೋಣ.

ಬರ್ನಾರ್ಡ್ ಫಿಶರ್ ಹುಟ್ಟಿದ್ದು 1918ರ ಆಗಸ್ಟ್ 23ರಂದು, ಉಕ್ಕಿನ ಕಾರ್ಖಾನೆಗಳ ನಗರವಾದ ಪಿಟ್ಸ್‌ಬರ್ಗ್‌ನಲ್ಲಿ. ಅದೇ ಊರಿನ ವಿಶ್ವವಿದ್ಯಾಲಯದಲ್ಲಿ 1943ರಲ್ಲಿ ವೈದ್ಯ ಪದವಿ ಪಡೆದು ಅಲ್ಲೇ ಶಸ್ತ್ರವೈದ್ಯರಾದರು. ವೃತ್ತಿಯ ಬಹುಭಾಗ ಕಳೆದದ್ದೂ ಅಲ್ಲೇ. 1950ರ ದಶಕದಲ್ಲಿ ಅವರು ಶಸ್ತ್ರಚಿಕಿತ್ಸಾ ಸಂಶೋಧನೆಗೆಂದು ಪ್ರಯೋಗಾಲಯವೊಂದನ್ನು ಕಟ್ಟಿಕೊಂಡರು. ಆಗ ಅವರಿಗೆ ಆಸಕ್ತಿ ಇದ್ದದ್ದು ಕತ್ತರಿಸಿದ ಯಕೃತ್ತು ಮತ್ತೆ ಬೆಳೆಯುವುದು ಹೇಗೆ, ಅಂಗಗಳನ್ನು ಕಸಿ ಮಾಡುವುದು ಹೇಗೆ ಎಂಬ ವಿಷಯಗಳಲ್ಲಿ. ಸ್ತನ ಕ್ಯಾನ್ಸರ್ ಅವರ ಪಟ್ಟಿಯಲ್ಲೇ ಇರಲಿಲ್ಲ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಇಸಿಡೋರ್ ರಾವ್ಡಿನ್ ಎಂಬ ಹಿರಿಯ ಶಸ್ತ್ರವೈದ್ಯರು 1950ರ ದಶಕದ ಕೊನೆಯಲ್ಲಿ ಅವರನ್ನು ಒಂದು ಸಭೆಗೆ ಕರೆದರು. ಹಲವು ಆಸ್ಪತ್ರೆಗಳು ಒಟ್ಟಾಗಿ, ಒಂದೇ ನಿಯಮದಂತೆ ಸ್ತನ ಕ್ಯಾನ್ಸರ್ ಚಿಕಿತ್ಸೆಗಳನ್ನು ಪರೀಕ್ಷಿಸುವ ಯೋಜನೆಯ ಸಭೆ ಅದು. ಫಿಶರ್ ಅಷ್ಟೇನೂ ಮನಸ್ಸಿಲ್ಲದೆ ಹೋದರು, ಅಲ್ಲೇ ಸಿಕ್ಕಿಕೊಂಡರು. ಆ ಕೂಟವೇ ಮುಂದೆ ಎನ್.ಎಸ್.ಎ.ಬಿ.ಪಿ. ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. 1967ರಲ್ಲಿ ಫಿಶರ್ ಅದರ ಅಧ್ಯಕ್ಷರಾದರು.

ಅವರ ಸೋದರ ಎಡ್ವಿನ್ ಫಿಶರ್ ರೋಗನಿದಾನ ಶಾಸ್ತ್ರಜ್ಞರು. ಇಬ್ಬರೂ ಸೇರಿ ಪ್ರಾಣಿಗಳ ಮೇಲೆ ನಡೆಸಿದ ಪ್ರಯೋಗಗಳು ಹಾಲ್ಸ್ಟೆಡ್ ತರ್ಕದ ಬುಡಕ್ಕೇ ಕೈ ಹಾಕಿದುವು. 1959ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಹೇಳುತ್ತೇನೆ. ನಿಮ್ಮಲ್ಲಿ ವಿಜ್ಞಾನ ಓದುವವರು ಗಮನವಿಟ್ಟು ನೋಡಿ. ಇಲಿಗಳ ಯಕೃತ್ತಿಗೆ ಹೋಗುವ ರಕ್ತನಾಳಕ್ಕೆ ಕೇವಲ 50 ಕ್ಯಾನ್ಸರ್ ಕೋಶಗಳನ್ನು ಸೇರಿಸಿದರು. ತಿಂಗಳುಗಳು ಕಳೆದರೂ ಆ ಇಲಿಗಳ ಯಕೃತ್ತಿನಲ್ಲಿ ಗಡ್ಡೆ ಕಾಣಲಿಲ್ಲ. ಕೋಶಗಳು ಸತ್ತುಹೋದುವೇ? ಇನ್ನು ಕೆಲವು ಇಲಿಗಳ ಹೊಟ್ಟೆಯನ್ನು ಮತ್ತೆ ಮತ್ತೆ ತೆರೆದು ಯಕೃತ್ತನ್ನು ಮುಟ್ಟಿ ನೋಡಿ ಮುಚ್ಚಿದರು. ಅವುಗಳಲ್ಲಿ ಗಡ್ಡೆಗಳು ಬೆಳೆದುವು. ಎಂದರೆ ಕೋಶಗಳು ಸತ್ತಿರಲಿಲ್ಲ, ಮಲಗಿದ್ದುವು! ದೇಹದ ಸ್ಥಿತಿಗತಿಯಲ್ಲಿ ಏನೋ ಬದಲಾದಾಗ ಎದ್ದುವು. ಮುಂದಿನ ಪ್ರಯೋಗಗಳಲ್ಲಿ ದುಗ್ಧಗ್ರಂಥಿಗಳು ಭದ್ರವಾದ ತಡೆಗೋಡೆಯಲ್ಲ, ಕ್ಯಾನ್ಸರ್ ಕೋಶಗಳು ಅವುಗಳನ್ನು ಹಾದುಹೋಗಬಲ್ಲವು, ದುಗ್ಧನಾಳಗಳಿಂದ ರಕ್ತಕ್ಕೂ ಸೇರಬಲ್ಲವು ಎಂದು ಕಂಡುಬಂತು.

ಇದರಿಂದ ಫಿಶರ್ ಒಂದು ಬೇರೆಯೇ ಚಿತ್ರವನ್ನು ಮುಂದಿಟ್ಟರು. ಸ್ತನದಲ್ಲಿ ಗಂಟು ಕೈಗೆ ಸಿಗುವ ಹೊತ್ತಿಗೆ ಅದರ ಕೆಲವು ಕೋಶಗಳು ರಕ್ತದಲ್ಲಿ ಸೇರಿ ದೂರ ಹೋಗಿರಬಹುದು ಅಥವಾ ಹೋಗದೆ ಇರಬಹುದು. ಹೋಗಿದ್ದರೆ ಎದೆಯ ಸ್ನಾಯುವನ್ನು ಎಷ್ಟು ಕತ್ತರಿಸಿದರೂ ಅವು ಕೈಗೆ ಸಿಗುವುದಿಲ್ಲ. ಹೋಗಿಲ್ಲದಿದ್ದರೆ ಅಷ್ಟು ಕತ್ತರಿಸುವ ಅಗತ್ಯವೇ ಇಲ್ಲ. ಎರಡರಲ್ಲಿ ಯಾವುದಾದರೂ ಹಾಲ್ಸ್ಟೆಡ್ ವಿಧಾನದಿಂದ ಹೆಚ್ಚಿನ ಲಾಭವಿಲ್ಲ. ರಕ್ತದಲ್ಲಿ ಹೋದ ಕೋಶಗಳಿಗೆ ಬೇಕಾದದ್ದು ರಕ್ತದಲ್ಲೇ ಹರಿಯುವ ಔಷಧಿ.

ತರ್ಕ ಚೆನ್ನಾಗಿದೆ. ಆದರೆ ಹಾಲ್ಸ್ಟೆಡ್ ತರ್ಕವೂ ಚೆನ್ನಾಗಿಯೇ ಇತ್ತಲ್ಲ! ಇಲಿಯಲ್ಲಿ ಕಂಡದ್ದು ಮನುಷ್ಯರಲ್ಲೂ ನಿಜವೇ ಎಂದು ತಿಳಿಯುವುದು ಹೇಗೆ?

ಒಂದು ಉದಾಹರಣೆ ತೆಗೆದುಕೊಳ್ಳಿ. ನಿಮ್ಮ ಊರಿನ ರೈತರೊಬ್ಬರು ಹೊಸ ಗೊಬ್ಬರವನ್ನು ಪರೀಕ್ಷಿಸಲು ಹೊರಟಿದ್ದಾರೆ. ಕಾಲುವೆ ಪಕ್ಕದ ತೇವದ ಮಡಿಗೆ ಹೊಸ ಗೊಬ್ಬರ, ದಿಣ್ಣೆಯ ಮೇಲಿನ ಒಣ ಮಡಿಗೆ ಹಳೆಯದು. ತೇವದ ಮಡಿಯಲ್ಲಿ ರಾಗಿ ಚೆನ್ನಾಗಿ ಬಂತು. ಹೊಗಳಬೇಕಾದದ್ದು ಗೊಬ್ಬರವನ್ನೋ ಕಾಲುವೆಯನ್ನೋ? ಹೇಳಲಾಗದು. ಕೇನ್ಸ್ ಮತ್ತು ಕ್ರೈಲ್ ಅವರ ಮಾತಿಗೆ ಉಳಿದ ವೈದ್ಯರು ಹೇಳಿದ್ದೂ ಇದನ್ನೇ: ನೀವು ಸಣ್ಣ ಗಡ್ಡೆಯ ರೋಗಿಗಳನ್ನೇ ಆರಿಸಿಕೊಂಡಿದ್ದೀರಿ, ಅದಕ್ಕೇ ಫಲ ಒಳ್ಳೆಯದಾಗಿದೆ. ಈ ತೊಡಕಿಗೆ ಉಪಾಯ ಹೇಳಿದವರು ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ರೊನಾಲ್ಡ್ ಫಿಶರ್. (ಇವರಿಗೂ ನಮ್ಮ ಫಿಶರ್ ಅವರಿಗೂ ನಂಟಿಲ್ಲ, ಹೆಸರು ಒಂದೇ.) ಯಾವ ಮಡಿಗೆ ಯಾವ ಗೊಬ್ಬರ ಎಂಬುದನ್ನು ರೈತ ತೀರ್ಮಾನಿಸಬಾರದು, ಚೀಟಿ ಎತ್ತಿ ತೀರ್ಮಾನಿಸಬೇಕು. ಮಡಿಗಳು ಸಾಕಷ್ಟಿದ್ದರೆ ತೇವದವೂ ಒಣಗಿದವೂ ಎರಡು ಗುಂಪಿನಲ್ಲೂ ಹಂಚಿಹೋಗುತ್ತವೆ. ಆಮೇಲೂ ಉಳಿಯುವ ವ್ಯತ್ಯಾಸಕ್ಕೆ ಗೊಬ್ಬರವೇ ಕಾರಣ. ಇದೇ ಉಪಾಯವನ್ನು ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಪರೀಕ್ಷಿಸುವಾಗ ರೋಗಿಗಳಿಗೆ ಅನ್ವಯಿಸಿದರು. 55 ಮಂದಿಗೆ ಔಷಧಿ, 52 ಮಂದಿಗೆ ಹಾಸಿಗೆಯಲ್ಲಿ ವಿಶ್ರಾಂತಿ ಮಾತ್ರ. ಫಲಿತಾಂಶ ಪ್ರಕಟವಾದದ್ದು 1948ರಲ್ಲಿ.

ಮಾತ್ರೆ, ಚುಚ್ಚುಮದ್ದಿನ ವಿಷಯದಲ್ಲಿ ಚೀಟಿ ಎತ್ತುವುದು ಒಂದು ರೀತಿ ಸುಲಭ. ಶಸ್ತ್ರಚಿಕಿತ್ಸೆಯಲ್ಲಿ? ಒಬ್ಬ ಹೆಂಗಸಿಗೆ ಎದೆಯ ಸ್ನಾಯುವನ್ನೂ ಸೇರಿಸಿ ಎಲ್ಲವನ್ನೂ ತೆಗೆಯುವುದು, ಇನ್ನೊಬ್ಬಳಿಗೆ ಸ್ವಲ್ಪ ಮಾತ್ರ ತೆಗೆಯುವುದು. ಯಾರಿಗೆ ಯಾವುದು ಎಂದು ತೀರ್ಮಾನಿಸುವವರು ಅನುಭವಿ ವೈದ್ಯರಲ್ಲ, ಚೀಟಿ! ಶಸ್ತ್ರವೈದ್ಯರಿಗೆ ಇದು ಅವಮಾನವೆನಿಸಿತು. ನಲವತ್ತು ವರ್ಷದ ಅನುಭವಕ್ಕೆ ಬೆಲೆಯಿಲ್ಲವೇ ಎಂದು ಕೇಳಿದರು. ಕಡಿಮೆ ಕತ್ತರಿಸಿದವಳು ಸತ್ತರೆ ಪಾಪ ಯಾರಿಗೆ ಎಂದೂ ಕೇಳಿದರು. ಈ ಎರಡನೆಯ ಪ್ರಶ್ನೆಯನ್ನು ಹಗುರವಾಗಿ ನೋಡಬೇಡಿ. ಅದಕ್ಕೆ ಫಿಶರ್ ಅವರ ಬಳಿ ಇದ್ದ ಉತ್ತರ ಇಷ್ಟೇ: ಯಾವುದು ಮೇಲು ಎಂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಗೊತ್ತಿಲ್ಲದೆಯೇ ದಿನವೂ ಕತ್ತರಿಸುತ್ತಿದ್ದೇವೆ.

1971ರಲ್ಲಿ ಮೊದಲ ದೊಡ್ಡ ಪರೀಕ್ಷೆ ಶುರುವಾಯಿತು. ಅದರ ಹೆಸರು ಬಿ-04. ಅದರಲ್ಲಿ ಲೆಕ್ಕಕ್ಕೆ ಬಂದ ಮಹಿಳೆಯರು 1,665. ಕಂಕುಳಿನ ಗ್ರಂಥಿಗಳಲ್ಲಿ ರೋಗ ಕೈಗೆ ಸಿಗದಿದ್ದ 1,079 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಹಾಲ್ಸ್ಟೆಡ್ ಶಸ್ತ್ರಚಿಕಿತ್ಸೆ. ಇನ್ನೊಂದಕ್ಕೆ ಸ್ನಾಯುವನ್ನು ಮುಟ್ಟದೆ ಸ್ತನವನ್ನಷ್ಟೇ ತೆಗೆದು ವಿಕಿರಣ ಚಿಕಿತ್ಸೆ. ಮೂರನೆಯದಕ್ಕೆ ಸ್ತನವನ್ನಷ್ಟೇ ತೆಗೆದು ಕಂಕುಳನ್ನು ಹಾಗೆಯೇ ಬಿಡುವುದು. ಮುಂದೆಂದಾದರೂ ಗ್ರಂಥಿಗಳಲ್ಲಿ ರೋಗ ಕಂಡರೆ ಆಗ ತೆಗೆಯುವುದು. ಗ್ರಂಥಿಗಳಲ್ಲಿ ಆಗಲೇ ರೋಗ ಕಂಡಿದ್ದ 586 ಮಂದಿಯನ್ನು ಮೊದಲ ಎರಡು ಬಗೆಗೆ ಮಾತ್ರ ಹಂಚಿದರು.

ಮೂರನೆಯ ಗುಂಪು ನನಗೆ ಬಹಳ ಸ್ವಾರಸ್ಯವಾಗಿ ಕಾಣುತ್ತದೆ. ಹಾಲ್ಸ್ಟೆಡ್ ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ತೆಗೆದ ಗ್ರಂಥಿಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸುಮಾರು 40 ಶೇಕಡ ಮಂದಿಯಲ್ಲಿ ಕ್ಯಾನ್ಸರ್ ಇತ್ತು. ಚೀಟಿ ಎತ್ತಿ ಹಂಚಿದ್ದರಿಂದ ಮೂರನೆಯ ಗುಂಪಿನಲ್ಲೂ ಹೆಚ್ಚು ಕಡಿಮೆ ಅಷ್ಟೇ ಮಂದಿಯ ಕಂಕುಳಲ್ಲಿ ಕ್ಯಾನ್ಸರ್ ಇದ್ದಿರಬೇಕು, ಮತ್ತು ಅದನ್ನು ಹಾಗೆಯೇ ಬಿಟ್ಟಿದ್ದಾರೆ. ಹಾಲ್ಸ್ಟೆಡ್ ಸರಿಯಾಗಿದ್ದರೆ ಈ ಗುಂಪಿನವರು ಬೇಗ ಬೇಗ ಸಾಯಬೇಕಾಗಿತ್ತು. ಆದರೆ ಮುಂದೆ ಕಂಕುಳಲ್ಲಿ ರೋಗ ಕಾಣಿಸಿಕೊಂಡು ಗ್ರಂಥಿ ತೆಗೆಸಿಕೊಳ್ಳಬೇಕಾಗಿ ಬಂದದ್ದು ಸುಮಾರು 18 ಶೇಕಡ ಮಂದಿಗೆ ಮಾತ್ರ. ಬದುಕಿ ಉಳಿದವರ ಪ್ರಮಾಣ ಮೂರು ಗುಂಪುಗಳಲ್ಲೂ ಒಂದೇ. ಐದು ವರ್ಷದ ಮೇಲೆ ನೋಡಿದರೂ ಒಂದೇ, ಹತ್ತು ವರ್ಷದ ಮೇಲೂ ಒಂದೇ. ಎದೆಯ ಸ್ನಾಯುವನ್ನು ಕಳೆದುಕೊಂಡವರು ಅದಕ್ಕೆ ಪ್ರತಿಯಾಗಿ ಒಂದು ದಿನದ ಆಯುಷ್ಯವನ್ನೂ ಹೆಚ್ಚಾಗಿ ಪಡೆದಂತೆ ಲೆಕ್ಕ ತೋರಿಸಲಿಲ್ಲ.

ಮೊದಲ ಅಂಕಿಗಳು ಹೊರಬಂದದ್ದು 1974ರ ಸೆಪ್ಟೆಂಬರ್ ಕೊನೆಯಲ್ಲಿ. ಅದೇ ದಿನಗಳಲ್ಲಿ, ಸೆಪ್ಟೆಂಬರ್ 28ರಂದು, ಅಮೆರಿಕದ ಅಧ್ಯಕ್ಷರ ಪತ್ನಿ ಬೆಟ್ಟಿ ಫೋರ್ಡ್ ಅವರಿಗೆ ರಾಡಿಕಲ್ ಶಸ್ತ್ರಚಿಕಿತ್ಸೆಯೇ ಆಯಿತು. ಅವರು ಅದನ್ನು ಮುಚ್ಚಿಡಲಿಲ್ಲ. ಅದುವರೆಗೆ ಮನೆಯೊಳಗೂ ಆಡದಿದ್ದ ಮಾತನ್ನು ಹೆಂಗಸರು ಬಾಯಿ ಬಿಟ್ಟು ಆಡತೊಡಗಿದರು. ರೋಸ್ ಕುಶ್ನರ್ ಎಂಬ ಪತ್ರಕರ್ತೆಗೂ ಅದೇ ವರ್ಷ ಈ ರೋಗ ಬಂತು. ಆಗಿನ ಪದ್ಧತಿಯಂತೆ ಗಂಟನ್ನು ಪರೀಕ್ಷೆಗೆ ತೆಗೆಯಲು ಅರಿವಳಿಕೆ ಕೊಡುತ್ತಿದ್ದರು. ಕ್ಯಾನ್ಸರ್ ಎಂದು ಗೊತ್ತಾದರೆ ರೋಗಿಯನ್ನು ಎಚ್ಚರಿಸದೆ ಅಲ್ಲೇ ಸ್ತನವನ್ನು ತೆಗೆದುಬಿಡುತ್ತಿದ್ದರು. ಎಚ್ಚರಾದ ಮೇಲೆ ಹೆಂಗಸು ತನ್ನ ಎದೆಯನ್ನು ಮುಟ್ಟಿ ನೋಡಿಕೊಂಡೇ ತಿಳಿಯಬೇಕು! ಕುಶ್ನರ್ ಇದನ್ನು ಒಪ್ಪಲಿಲ್ಲ. ಪರೀಕ್ಷೆ ಬೇರೆ ದಿನ, ಶಸ್ತ್ರಚಿಕಿತ್ಸೆ ಬೇರೆ ದಿನ, ನಡುವೆ ನಿರ್ಧಾರ ನನ್ನದು ಎಂದು ಹಠ ಹಿಡಿದರು, 1975ರಲ್ಲಿ ಪುಸ್ತಕವನ್ನೂ ಬರೆದರು. 1979ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಮಿತಿಯಲ್ಲಿ ಅವರೂ ಕುಳಿತಿದ್ದರು. ಹಾಲ್ಸ್ಟೆಡ್ ಶಸ್ತ್ರಚಿಕಿತ್ಸೆ ಇನ್ನು ಮುಂದೆ ಮಾದರಿ ಚಿಕಿತ್ಸೆಯಲ್ಲ ಎಂದು ಆ ಸಮಿತಿ ಹೇಳಿತು. ಇದು ಫಿಶರ್ ಒಬ್ಬರ ಕೆಲಸ ಎಂದು ಬರೆದರೆ ಚರಿತ್ರೆಗೆ ಅನ್ಯಾಯ. ಮಿಲಾನ್ ನಗರದ ಉಂಬರ್ಟೊ ವೆರೊನೇಸಿ 1973ರಲ್ಲಿ ಶುರುಮಾಡಿ 1981ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, 701 ಮಹಿಳೆಯರಲ್ಲಿ, ಸ್ತನದ ಕಾಲುಭಾಗ ತೆಗೆದು ವಿಕಿರಣ ಕೊಟ್ಟರೂ ಹಾಲ್ಸ್ಟೆಡ್ ವಿಧಾನದಷ್ಟೇ ಫಲ ಎಂದು ಕಂಡಿತ್ತು.

ಅಷ್ಟರಲ್ಲಿ ಫಿಶರ್ ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದರು. ಸ್ತನವನ್ನಾದರೂ ಏಕೆ ತೆಗೆಯಬೇಕು? ಗಂಟನ್ನಷ್ಟೇ ತೆಗೆದರೆ? ಇದಕ್ಕೆ ‘ಲಂಪೆಕ್ಟಮಿ’ ಎಂದು ಹೆಸರು. 1976ರಲ್ಲಿ ಬಿ-06 ಪರೀಕ್ಷೆ ಆರಂಭವಾಯಿತು. ಮತ್ತೆ ಮೂರು ಗುಂಪು: ಸ್ತನ ತೆಗೆಯುವುದು, ಗಂಟು ಮಾತ್ರ ತೆಗೆಯುವುದು, ಗಂಟು ತೆಗೆದು ವಿಕಿರಣ ಕೊಡುವುದು. ಗಡ್ಡೆ 4 ಸೆಂಟಿಮೀಟರ್ ಮೀರಿರಬಾರದು. ರೋಗಿಗಳು ಬಹಳ ನಿಧಾನವಾಗಿ ಸೇರಿದರು. ‘ನಿಮ್ಮ ಸ್ತನ ಉಳಿಯುವುದೋ ಹೋಗುವುದೋ ಎಂಬುದನ್ನು ಚೀಟಿ ಹೇಳುತ್ತದೆ’ ಎಂದು ರೋಗಿಯ ಮುಖ ನೋಡಿ ಹೇಳುವುದು ವೈದ್ಯರಿಗೆ ಕಷ್ಟವಾಗುತ್ತಿತ್ತು. 1985ರಲ್ಲಿ ಫಲಿತಾಂಶ ಬಂತು. ಬದುಕುವ ಪ್ರಮಾಣದಲ್ಲಿ ಮೂರು ಗುಂಪಿಗೂ ವ್ಯತ್ಯಾಸವಿಲ್ಲ. ಅದೇ ವರ್ಷ ಅವರಿಗೆ ವೈದ್ಯವಿಜ್ಞಾನದ ದೊಡ್ಡ ಗೌರವವಾದ ಲ್ಯಾಸ್ಕರ್ ಪ್ರಶಸ್ತಿ ಬಂತು.

ವಿಕಿರಣದಿಂದ ಏನೂ ಪ್ರಯೋಜನವಿಲ್ಲ ಎಂದು ನೀವು ತಿಳಿಯಬಾರದು. ಇಪ್ಪತ್ತು ವರ್ಷದ ಲೆಕ್ಕದಲ್ಲಿ, ಗಂಟು ಮಾತ್ರ ತೆಗೆದವರಲ್ಲಿ 39.2 ಶೇಕಡ ಮಂದಿಗೆ ಅದೇ ಸ್ತನದಲ್ಲಿ ಕ್ಯಾನ್ಸರ್ ಮರಳಿತು. ವಿಕಿರಣವನ್ನೂ ಕೊಟ್ಟವರಲ್ಲಿ 14.3 ಶೇಕಡ ಮಂದಿಗೆ ಮಾತ್ರ. ಆದ್ದರಿಂದ ಗಂಟು ತೆಗೆದ ಮೇಲೆ ವಿಕಿರಣ ಚಿಕಿತ್ಸೆ ಕೊಡುವುದು ರೂಢಿಯಾಯಿತು. ನಮ್ಮ ದೇಶದಲ್ಲಿ ಕಷ್ಟ ಬರುವುದು ಇಲ್ಲೇ. ವಿಕಿರಣ ಯಂತ್ರಗಳಿರುವುದು ದೊಡ್ಡ ಊರುಗಳಲ್ಲಿ. ಐದಾರು ವಾರ, ದಿನವೂ ಹೋಗಬೇಕು. ದೂರದ ತಾಲ್ಲೂಕಿನಿಂದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಬರುವ ಕೂಲಿ ಹೆಂಗಸಿಗೆ ಅಷ್ಟು ದಿನ ಎಲ್ಲಿ ಉಳಿದುಕೊಳ್ಳುವುದು, ಮಕ್ಕಳನ್ನು ಯಾರು ನೋಡುವುದು ಎಂಬುದೇ ಮೊದಲ ಚಿಂತೆ. ಗಡ್ಡೆ ದೊಡ್ಡದಾದ ಮೇಲೆ ಬರುವವರೂ ಬಹಳ. ಸ್ತನ ಉಳಿಸಬಹುದಾಗಿದ್ದರೂ ‘ತೆಗೆದುಬಿಡಿ ಡಾಕ್ಟ್ರೇ’ ಎಂದು ಕೇಳುವವರಿದ್ದಾರೆ. ಇತ್ತೀಚಿನ ವರ್ಷಗಳಲ್ಲಿ ಕೆನಡಾ ಮತ್ತು ಬ್ರಿಟನ್ನಿನ ಪರೀಕ್ಷೆಗಳು ಸುಮಾರು ಮೂರು ವಾರದ ವಿಕಿರಣವೂ ಸಾಕು ಎಂದು ತೋರಿಸಿವೆ. ಅವೂ ಚೀಟಿ ಎತ್ತಿ ಮಾಡಿದ ಪರೀಕ್ಷೆಗಳೇ.

ಶಸ್ತ್ರಚಿಕಿತ್ಸೆಯ ನಂತರ ಔಷಧಿ ಕೊಟ್ಟು, ರಕ್ತದಲ್ಲಿ ಹೋಗಿರಬಹುದಾದ ಕೋಶಗಳನ್ನು ಕೊಲ್ಲುವ ಪರೀಕ್ಷೆಗಳನ್ನೂ ಫಿಶರ್ ಅವರ ಕೂಟ ನಡೆಸಿತು. 1975ರಲ್ಲಿ ಅದರ ಮೊದಲ ಫಲ, ಆಮೇಲೆ ಟ್ಯಾಮಾಕ್ಸಿಫೆನ್ ಮಾತ್ರೆಯ ಫಲ. ಬದುಕಿ ಉಳಿದವರ ಪ್ರಮಾಣ ನಿಜವಾಗಿ ಹೆಚ್ಚಿದ್ದು ಈ ಔಷಧಿಗಳಿಂದ.

ಇಷ್ಟೆಲ್ಲ ಆದ ಮೇಲೆ, ತಮ್ಮ ಎಪ್ಪತ್ತಾರನೆಯ ವಯಸ್ಸಿನ ಹೊತ್ತಿಗೆ, ಫಿಶರ್ ಬಿದ್ದರು. ಆ ಕಥೆಯನ್ನು ಬಿಟ್ಟರೆ ಈ ಲೇಖನ ಬರೀ ಹೊಗಳಿಕೆಯಾದೀತು.

ಬಿ-06ರಂಥ ಪರೀಕ್ಷೆಗೆ ಹತ್ತಾರು ಆಸ್ಪತ್ರೆಗಳಿಂದ ಮಾಹಿತಿ ಬರುತ್ತದೆ. 1990ರಲ್ಲಿ ಪಿಟ್ಸ್‌ಬರ್ಗ್ ಕಚೇರಿಯವರು ಒಂದು ವಿಚಿತ್ರವನ್ನು ಗಮನಿಸಿದರು. ಕೆನಡಾದ ಮಾಂಟ್ರಿಯಲ್ ನಗರದ ಸೇಂಟ್ ಲ್ಯೂಕ್ ಆಸ್ಪತ್ರೆಯಿಂದ ಬಂದ ಕಾಗದಗಳಲ್ಲಿ ಒಬ್ಬಳೇ ರೋಗಿಯ ಶಸ್ತ್ರಚಿಕಿತ್ಸೆಗೆ ಎರಡು ಬೇರೆ ಬೇರೆ ದಿನಾಂಕಗಳಿದ್ದುವು. ಅಗೆದಂತೆಲ್ಲ ಇನ್ನಷ್ಟು ಸಿಕ್ಕಿತು. ಅಲ್ಲಿನ ಶಸ್ತ್ರವೈದ್ಯ ರೋಜರ್ ಪ್ವಾಸೋಂ, ಪರೀಕ್ಷೆಯ ನಿಯಮಗಳಿಗೆ ಹೊಂದದ ರೋಗಿಗಳನ್ನು ಸೇರಿಸಿಕೊಳ್ಳಲು ದಿನಾಂಕಗಳನ್ನೂ ವಿವರಗಳನ್ನೂ ತಿದ್ದಿದ್ದರು. ಹಲವು ಪರೀಕ್ಷೆಗಳಿಗೆ ಅವರು ಸೇರಿಸಿದ್ದ 1,511 ರೋಗಿಗಳಲ್ಲಿ 99 ಮಂದಿಯ ದಾಖಲೆಗಳು ಹೀಗೆ ತಿದ್ದಿದವು. ನನ್ನ ರೋಗಿಗಳಿಗೆ ಪರೀಕ್ಷೆಯ ಅನುಕೂಲ ಸಿಗಲೆಂದು ಹಾಗೆ ಮಾಡಿದೆ ಎಂಬುದು ಅವರ ಸಮಜಾಯಿಷಿ.

ಫಿಶರ್ ಅವರ ಕೂಟ 1991ರಲ್ಲಿ ಸರ್ಕಾರದ ಕ್ಯಾನ್ಸರ್ ಸಂಸ್ಥೆಗೆ ವಿಷಯ ತಿಳಿಸಿತು, ತನಿಖೆಯೂ ಆಯಿತು. ಆದರೆ ಮೋಸದ ಅಂಕಿಗಳನ್ನು ಕಳೆದು ಹೊಸ ಲೆಕ್ಕವನ್ನು ವೈದ್ಯಪತ್ರಿಕೆಯಲ್ಲಿ ಪ್ರಕಟಿಸುವುದು ಮುಂದಕ್ಕೆ ಹೋಗುತ್ತಲೇ ಇತ್ತು. 1994ರ ಮಾರ್ಚ್‌ನಲ್ಲಿ ‘ಷಿಕಾಗೊ ಟ್ರಿಬ್ಯೂನ್’ ಪತ್ರಿಕೆ ಇದನ್ನು ಮುಖಪುಟದ ಸುದ್ದಿ ಮಾಡಿತು. ಗಂಟು ಮಾತ್ರ ತೆಗೆಸಿಕೊಂಡಿದ್ದ ಸಾವಿರಾರು ಹೆಂಗಸರಿಗೆ ಗಾಬರಿ: ನಾವು ನಂಬಿದ್ದು ಸುಳ್ಳು ಅಂಕಿಗಳನ್ನೇ? ಅಮೆರಿಕದ ಸಂಸತ್ತಿನ ಸಮಿತಿ ವಿಚಾರಣೆಗೆ ಕೂತಿತು. ಕ್ಯಾನ್ಸರ್ ಸಂಸ್ಥೆಯ ಒತ್ತಾಯಕ್ಕೆ ಫಿಶರ್ ಅಧ್ಯಕ್ಷ ಸ್ಥಾನ ಕಳೆದುಕೊಂಡರು. ಸರ್ಕಾರದ ವೈದ್ಯಗ್ರಂಥಸೂಚಿಯಲ್ಲಿ ಅವರ ಲೇಖನಗಳ ಪಕ್ಕದಲ್ಲಿ ‘ವೈಜ್ಞಾನಿಕ ದುರ್ನಡತೆ’ ಎಂಬರ್ಥದ ಗುರುತು ಹಾಕಿದರು.

ಫಿಶರ್ ಅವರ ಕಡೆ ತಪ್ಪೇ ಇರಲಿಲ್ಲ ಎಂದು ನಾನು ವಾದಿಸುವುದಿಲ್ಲ. ಆ ಹೆಂಗಸರು ನಂಬಿಕೆಯಿಟ್ಟು ಚೀಟಿಗೆ ಒಪ್ಪಿದವರು. ಲೆಕ್ಕದಲ್ಲಿ ಕಲಬೆರಕೆಯಾಗಿದೆ ಎಂಬ ಸುದ್ದಿ ಅವರಿಗೆ ದಿನಪತ್ರಿಕೆಯಿಂದ ತಿಳಿಯಬಾರದಿತ್ತು. ಅಂಕಿಗಳ ಮೇಲೆ ಗಮನವಿದ್ದ ಮನುಷ್ಯನಿಗೆ ಆ ಅಂಕಿಗಳನ್ನು ನಂಬಿದವರ ಮೇಲೆ ಅಷ್ಟು ಗಮನವಿರಲಿಲ್ಲ ಎಂದು ತೋರುತ್ತದೆ. ಆದರೆ ಅಂಕಿಗಳನ್ನು ತಿದ್ದಿದವರು ಅವರಲ್ಲ. ತಿದ್ದಿದ್ದನ್ನು ಪತ್ತೆ ಮಾಡಿದ್ದು ಅವರದೇ ಕಚೇರಿ. ತಪ್ಪಿಗೂ ಶಿಕ್ಷೆಗೂ ಅಳತೆ ಹೊಂದಲಿಲ್ಲ.

1995ರಲ್ಲಿ ಸೇಂಟ್ ಲ್ಯೂಕ್ ಆಸ್ಪತ್ರೆಯ ರೋಗಿಗಳನ್ನು ಪೂರ್ತಿಯಾಗಿ ಬಿಟ್ಟು ಹನ್ನೆರಡು ವರ್ಷದ ಹೊಸ ಲೆಕ್ಕ ಪ್ರಕಟವಾಯಿತು. ತೀರ್ಮಾನ ಒಂದಿಷ್ಟೂ ಬದಲಾಗಲಿಲ್ಲ. ಇದರಲ್ಲಿ ಆಶ್ಚರ್ಯವಿಲ್ಲ. ಒಂದು ಆಸ್ಪತ್ರೆ ಸುಳ್ಳು ಹೇಳಿದರೂ ಉಳಿದ ಆಸ್ಪತ್ರೆಗಳ ನಿಜ ಅದರಿಂದ ಕೆಡದಷ್ಟು ದೊಡ್ಡದಾಗಿತ್ತು ಪರೀಕ್ಷೆ. ಫಿಶರ್ ನ್ಯಾಯಾಲಯಕ್ಕೆ ಹೋದರು. 1997ರಲ್ಲಿ ಸರ್ಕಾರದ ತನಿಖಾ ಕಚೇರಿ ಅವರ ಮೇಲಿನ ಆರೋಪವನ್ನು ಕೈಬಿಟ್ಟಿತು. ಅದೇ ವರ್ಷ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯ ಕ್ಷಮೆ ಕೇಳಿ 27.5 ಲಕ್ಷ ಡಾಲರ್ ಕೊಟ್ಟು ರಾಜಿಯಾಯಿತು.

ಅಷ್ಟರಲ್ಲಿ ಅವರು ಮತ್ತೆ ಕೆಲಸಕ್ಕೆ ಕೂತಾಗಿತ್ತು. ರೋಗ ಬರುವ ಸಂಭವ ಹೆಚ್ಚಿರುವ, ಆದರೆ ಇನ್ನೂ ಬಾರದ 13,388 ಮಹಿಳೆಯರಿಗೆ ಟ್ಯಾಮಾಕ್ಸಿಫೆನ್ ಅಥವಾ ಹುಸಿ ಮಾತ್ರೆ ಕೊಟ್ಟು ನೋಡಿದ ಪರೀಕ್ಷೆಯ ಫಲ 1998ರಲ್ಲಿ ಬಂತು. ಮಾತ್ರೆ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ 49 ಶೇಕಡ ಕಡಿಮೆ. ಗರ್ಭಕೋಶದ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟುವ ತೊಂದರೆ ಮಾತ್ರ ಹೆಚ್ಚು. ಲಾಭ ನಷ್ಟ ಎರಡನ್ನೂ ಒಂದೇ ಲೇಖನದಲ್ಲಿ ಪ್ರಕಟಿಸಿದರು.

2002ರಲ್ಲಿ ಬಿ-04ರ ಇಪ್ಪತ್ತೈದು ವರ್ಷದ ಲೆಕ್ಕವೂ ಬಿ-06ರ ಇಪ್ಪತ್ತು ವರ್ಷದ ಲೆಕ್ಕವೂ ಒಂದೇ ವೈದ್ಯಪತ್ರಿಕೆಯಲ್ಲಿ, ಎರಡು ತಿಂಗಳ ಅಂತರದಲ್ಲಿ ಬಂದುವು. ಆಗ ಅವರಿಗೆ 84 ವರ್ಷ. 1971ರಲ್ಲಿ ಹೆಸರು ಬರೆಸಿದ್ದ ಆ ಹೆಂಗಸರಲ್ಲಿ ಯಾರು ಬದುಕಿದ್ದಾರೆ, ಯಾರು ತೀರಿಕೊಂಡರು, ಯಾವ ಕಾರಣಕ್ಕೆ ಎಂಬುದನ್ನು ಅಷ್ಟು ವರ್ಷವೂ ಬಿಡದೆ ಬರೆದಿಟ್ಟುಕೊಂಡು ಬಂದಿದ್ದರು. ಗುಂಪುಗಳ ನಡುವೆ ವ್ಯತ್ಯಾಸ ಆಗಲೂ ಕಾಣಲಿಲ್ಲ. ಫಿಶರ್ ತೀರಿಕೊಂಡದ್ದು 2019ರ ಅಕ್ಟೋಬರ್ 16ರಂದು, ಹುಟ್ಟಿದ ಊರು ಪಿಟ್ಸ್‌ಬರ್ಗ್‌ನಲ್ಲೇ, 101ನೆಯ ವಯಸ್ಸಿನಲ್ಲಿ.